ನಾಲ್ಕನೇ ಪೆಟ್ಟಿಗೆಯ ಪಿಯಾನೋ

ಆಕೆಯನ್ನು ಎಲ್ಲರೂ ಕರೆಯುವುದು ಶ್ರುತಿಯಮ್ಮ ಎಂದೇ. ಪಿಯಾನೋಗಳಿಗೆ ಶ್ರುತಿ ಮಾಡುವುದು ಆಕೆಯ ಕಸುಬು. ಹತ್ತೊಂಬತ್ತು ವರ್ಷಗಳ ಹಿಂದೆ ದೊಡ್ಡ ಸಂಗೀತ ಸಭಾಂಗಣದಲ್ಲಿ ಕಾಯಂ ಕೆಲಸವಿತ್ತು. ಒಂದೇ ಸಂಜೆಯ ಕಾರಣಕ್ಕೆ ಅದು ಹೋಯಿತು.

ಆ ಸಂಜೆ ಒಬ್ಬ ಹೆಸರಾಂತ ವಾದಕ ರಷ್ಯಾದ ಸಂಗೀತಕಾರನೊಬ್ಬನ ಸೊನಾಟಾಗಳನ್ನು, ಅಂದರೆ ಹಲವು ಭಾಗಗಳ ದೀರ್ಘ ಪಿಯಾನೋ ಕೃತಿಗಳನ್ನು, ನುಡಿಸಿದ. ಕೊನೆಯ ಸೊನಾಟಾದ ವೇಗದ ಓಟದಲ್ಲಿ ಬೆರಳು ಜಾರಿ ಪಕ್ಕದ ಕೀಲಿಯ ಮೇಲೆ ಬಿದ್ದು ತಪ್ಪು ಸ್ವರ ಹೊರಟಿತು. ಮುಂದಿನ ಸಾಲಿನವರು ಮುಖ ಕಿವುಚಿದರು. ವಾದಕ ಪರದೆಯ ಹಿಂದೆ ಬಂದವನೇ ಸಭಾಂಗಣದ ಮ್ಯಾನೇಜರಿಗೆ, "ಪಿಯಾನೋ ಶ್ರುತೀಲೇ ಇಲ್ಲ ಕಣ್ರೀ. ಆ ಹೆಂಗಸಿನ ಕಿವಿ ಕೆಟ್ಟಿದೆ" ಎಂದ. ತಪ್ಪು ಅವನದು, ತಲೆದಂಡ ಇವಳದು. ಎಂಥ ಮಹಾನುಭಾವ!

ಆಮೇಲೆ ಆಕೆ ಹೋದಲ್ಲೆಲ್ಲ ಆ ಮಾತು ಆಕೆಗಿಂತ ಮೊದಲೇ ಹೋಗಿರುತ್ತಿತ್ತು. ಉಳಿದದ್ದು ಶಾಲೆಗಳ ಪಿಯಾನೋಗಳು, ಒಳಗೆಲ್ಲ ಪೆನ್ಸಿಲ್ ತುಂಡು, ಚಾಕಲೇಟ್ ಕಾಗದ. ಜೊತೆಗೆ ಒಂದು ಸಂಗೀತ ಪತ್ರಿಕೆಗೆ ರೆಕಾರ್ಡಿಂಗುಗಳ ವಿಮರ್ಶೆ.

"ಮರೆತುಬಿಡೇ" ಎಂದು ಅಕ್ಕ ಸಾವಿರ ಸಲ ಹೇಳಿದ್ದಳು.

"ಅವನಂತೂ ಮರೆತಿರ್ತಾನೆ. ನಾನೂ ಮರೆತ್ರೆ ನೆನಪಿಟ್ಕೊಳ್ಳೋರು ಯಾರಕ್ಕಾ?"

ಈ ಸಲ ಸಂಪಾದಕ ಅದೇ ರಷ್ಯನ್ ಸೊನಾಟಾಗಳ ಐದು ರೆಕಾರ್ಡಿಂಗುಗಳ ಸಿ.ಡಿ. ಪೆಟ್ಟಿಗೆಗಳನ್ನು ಕಳಿಸಿ, ಯಾವುದು ಕೊಳ್ಳಲು ಯೋಗ್ಯವೆಂದು ಬರೆಯಿರಿ ಎಂದಿದ್ದ. ಮೊದಲನೆಯವನು ಉಕ್ತಲೇಖನ ಹೇಳಿಕೊಟ್ಟಂತೆ ನುಡಿಸಿದ್ದ. ಎರಡನೆಯವಳು ಕಾಲಿನ ಪೆಡಲ್ ಒತ್ತಿಯೇ ಸ್ವರಗಳನ್ನೆಲ್ಲ ಒಂದಕ್ಕೊಂದು ಕಲಸಿಟ್ಟಿದ್ದಳು. ಮೂರನೆಯದು ಬಲು ಚೆನ್ನಾಗಿತ್ತು. ನಾಲ್ಕನೆಯ ಪೆಟ್ಟಿಗೆಯ ಮೇಲಿನ ತಾರೀಖನ್ನು ಆಕೆ ಎರಡೆರಡು ಸಲ ಓದಿದಳು. ಅದೇ ವಾದಕ, ಅದೇ ಸಂಜೆ! ವಯಸ್ಸಾಗಿ ಬೆರಳು ಓಡದ ಮಹಾಶಯ ಆ ಹಳೆಯ ಸಂಗೀತ ಕಛೇರಿಯ ರೆಕಾರ್ಡಿಂಗನ್ನೇ ಮಾರಾಟಕ್ಕೆ ಬಿಟ್ಟಿದ್ದ. ಹಿಂಬದಿಯಲ್ಲಿ ಅವನದೇ ಮಾತು: "ಇಷ್ಟು ತಿಳಿಯಾದ ಪಿಯಾನೋ ನನಗೆ ಮತ್ತೆಂದೂ ಸಿಗಲಿಲ್ಲ."

ಬೂದಿ ಮುಚ್ಚಿದ ಕೆಂಡ ಹೊತ್ತಿಕೊಂಡಿತು. ಮೂರು ದಿನ ಅದನ್ನೇ ಕೇಳಿದಳು. ತಂತಿ ಸಡಿಲವಾಗಿದ್ದರೆ ಸ್ವರ ನಡುಗಬೇಕು. ಎಲ್ಲೂ ನಡುಗಲಿಲ್ಲ. ತಪ್ಪಿದ ಜಾಗದಲ್ಲೂ ಪಕ್ಕದ ಸ್ವರ ಸ್ಪಷ್ಟವಾಗಿ, ಶುದ್ಧವಾಗಿ ನುಡಿದಿತ್ತು. ಆಕೆ ಖುಷಿಯಿಂದ ಅತ್ತಳು, ಆಮೇಲೆ ಹಲ್ಲು ಕಡಿಯುತ್ತ ಬರೆಯಲು ಕೂತಳು.

ಸುಳ್ಳು ಒಂದಕ್ಷರವೂ ಬರೆಯಲಿಲ್ಲ. ನಿಧಾನದ ಭಾಗಗಳನ್ನು ಹೊಗಳಿದಳು, ಹೊಗಳುವಂತೆಯೇ ಇದ್ದವು. ಕೊನೆಗೆ ಸೇರಿಸಿದಳು: "ಪಿಯಾನೋದ ಶ್ರುತಿಗೆ ಹತ್ತಕ್ಕೆ ಹತ್ತು. ಶ್ರುತಿ ಮಾಡಿದವಳು ನಾನು. ಶ್ರುತಿ ಸರಿಯಿಲ್ಲವೆಂದು ಈ ವಾದಕರು ದೂರಿದ್ದರಿಂದ ಮರುದಿನವೇ ನನ್ನನ್ನು ಕೆಲಸದಿಂದ ತೆಗೆದರು. ಕೊನೆಯ ಸೊನಾಟಾದ ಓಟವನ್ನು ಓದುಗರೇ ಕೇಳಿ ನಿರ್ಧರಿಸಲಿ."

ಅಚ್ಚಿಗೆ ಮುನ್ನ ಸಂಪಾದಕ ಅದನ್ನು ವಾದಕನಿಗೆ ಓದಿ ಹೇಳಿದ. ಅರ್ಧ ಗಂಟೆಯಲ್ಲಿ ಆಕೆಯ ಮನೆಯ ಫೋನು ಬಡಿದುಕೊಂಡಿತು.

"ನೋಡಮ್ಮ, ಆ ಕೊನೇ ಮಾತು ತೆಗೆದುಬಿಡಿ. ತಪ್ಪು ನಂದೇ" ಎಂದ ಅವನು, ಪಿಸುದನಿಯಲ್ಲಿ.

"ನನ್ನ ಕಿವಿ ಕೆಟ್ಟಿದೆಯಲ್ಲ ಸಾರ್. ಸ್ವಲ್ಪ ಜೋರಾಗಿ ಹೇಳಿ."

"ತಪ್ಪು ನಂದೇ ಅಂದೆ."

"ಇನ್ನೂ ಜೋರಾಗಿ."

"ತಪ್ಪು ನಂದೇ ಕಣಮ್ಮಾ!" ಎಂದು ಕಿರುಚಿದ. ಅಡುಗೆಮನೆಯಿಂದ ಅಕ್ಕ ಇಣುಕಿ ನೋಡಿದಳು.

"ಈಗ ಕೇಳಿಸ್ತು. ನಮ್ಮಕ್ಕಂಗೂ ಕೇಳಿಸ್ತು" ಎಂದಳು ಶ್ರುತಿಯಮ್ಮ. "ಇನ್ನು ಉಳಿದೋರು ಪತ್ರಿಕೇಲಿ ಓದ್ಕೊಳ್ಳಲಿ."

ಫೋನು ಇಟ್ಟಳು.