ಬಾವಿಯ ತಿಳಿನೀರು

ಗೆಳತಿಯರೇ, ಓಣಿಯಲ್ಲಿ ಕಾಲರಾ ಎದ್ದಿದೆಯೆಂದು ಇಂದು ಬೆಳಿಗ್ಗೆ ರಾಯಾಪುರದ ನಮ್ಮ ಬಾವಿಗೆ ಆರೋಗ್ಯ ಇಲಾಖೆಯವರು ಕೆಂಪು ಔಷಧ ಸುರಿದು ಹೋದರು. ಸೊಸೆ ಗೌರಿ ಬಾವಿಯ ಒಂದು ಮೂಲೆಯಲ್ಲಿ ತಿಳಿಯಾಗಿ ಉಳಿದಿದ್ದ ನೀರನ್ನೇ ಲಿಂಗಪೂಜೆಗೆ ಸೇದಿದಳು.

"ಕೆಂಪು ನೀರು ದೇವರಿಗೆ ಹ್ಯಾಂಗ ಹಾಕೂದರಿ, ಅತ್ತಿ?"

ನಾನೂ ಒಪ್ಪಿದೆ. ಪುಟ್ಟ ಮೊಮ್ಮಗಳೂ ಸೇರಿ ಎಲ್ಲರೂ ತೀರ್ಥ ಕುಡಿದೆವು.

ಧಾರವಾಡದಲ್ಲಿ ಭೌತಶಾಸ್ತ್ರ ಕಲಿಸುವ ಮಗ ಬಾವಿ ಇಣುಕಿ ಬೆಚ್ಚಿದ. "ಅವ್ವಾ, ತಿಳಿ ಇದ್ದಲ್ಲಿ ಔಷಧ ಮುಟ್ಟೇ ಇಲ್ಲ! ನೀರು ಜೋರಾಗಿ ಕಲಕದಿದ್ರ ಬಣ್ಣ ಎಳಿಎಳಿಯಾಗೇ ನಿಲ್ತದ."

"ಅಳತಿ ನೋಡೇ ಹಾಕ್ಯಾರಲ್ಲೋ!"

"ಇಡೀ ಬಾವಿಗೆ ಸರಾಸರಿ ಲೆಕ್ಕ ಬರೋಬ್ಬರಿ ಅದ. ನಿಮ್ಮ ಕೊಡದಾಗ ಬಂದದ್ದು ಬರೇ ನೀರು."

ಈಗ ಅವನು ಬಾವಿ ಕಲಕುತ್ತಿದ್ದಾನೆ. ನಾನು ಮೊಮ್ಮಗಳ ಹೊಟ್ಟೆ ಮುಟ್ಟಿ ಮುಟ್ಟಿ ನೋಡುತ್ತ ಕುಳಿತಿದ್ದೇನೆ. ಶಿವನನ್ನು ಬೇಡೋಣವೆಂದರೆ, ಅವನೂ ಅದೇ ನೀರಿನಲ್ಲಿ ಮಿಂದು ಕುಳಿತಿದ್ದಾನೆ.