ಯಾರ ಮಕ್ಕಳ ಫೋಟೊ

ಗಂಡನಿಗೆ ಕೊಯಾಲಿಯ ರಿಫೈನರಿಗೆ ವರ್ಗವಾಗಿ ನಾವು ವಡೋದರಾಕ್ಕೆ ಬಂದಾಗ ನನಗೆ ಗುಜರಾತಿಯ ಒಂದಕ್ಷರವೂ ಬರುತ್ತಿರಲಿಲ್ಲ. ಕಿವಿ ಕೇಳದ ಮಕ್ಕಳಿಗೆ ಮಾತು ಕಲಿಸುವುದನ್ನು ಮೈಸೂರಿನಲ್ಲಿ ಓದಿದ್ದೆ. ಆದರೆ ಇಲ್ಲಿ ಯಾವ ಭಾಷೆಯಲ್ಲಿ ಕಲಿಸುವುದು? ಎರಡು ವರ್ಷ ಟೌನ್‌ಶಿಪ್ಪಿನ ಮನೆಯಲ್ಲಿ ಕೂತು, ತರಕಾರಿಯವಳ ಹತ್ತಿರ, ಪಕ್ಕದ ಮನೆಯವರ ಹತ್ತಿರ ತಪ್ಪು ತಪ್ಪಾಗಿ ಮಾತಾಡಿ ಗುಜರಾತಿ ಕಲಿತೆ. ಆಮೇಲೆ ಪರಿಚಯವಾದವರು ನಿವೃತ್ತ ಮುಖ್ಯೋಪಾಧ್ಯಾಯಿನಿಯೊಬ್ಬರು. ಎಲ್ಲರೂ ಅವರನ್ನು ಬೆನ್, ಅಂದರೆ ಅಕ್ಕ, ಅನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಊರೊಳಗಿನ ತಮ್ಮ ಮನೆಯ ಕೆಳಗಿನ ಎರಡು ಕೋಣೆಗಳನ್ನು ಅವರು ಬಿಟ್ಟುಕೊಟ್ಟರು. ಇಬ್ಬರೂ ಸೇರಿ ಒಂದು ಸಣ್ಣ ಟ್ರಸ್ಟ್ ಮಾಡಿದೆವು. ಅಲ್ಲಿಗೆ ಬರುತ್ತಿದ್ದವು ಕಿವಿ ಕೇಳದ ಹದಿನಾಲ್ಕು ಮಕ್ಕಳು.

ನಮಗೆ ಬೇಕಾಗಿದ್ದದ್ದು ಒಂದೇ. ಕಿವಿ ಪರೀಕ್ಷೆ ಮಾಡಲು ಹೊರಗಿನ ಸದ್ದು ಒಳಗೆ ಬಾರದ ಒಂದು ಪುಟ್ಟ ಕೋಣೆ, ಅದರೊಳಗೊಂದು ಯಂತ್ರ. ಬೆನ್ ಮನೆ ಇದ್ದದ್ದು ಮುಖ್ಯ ರಸ್ತೆಯ ಮೇಲೆ. ಮಗುವಿಗೆ ಕೇಳಿಸಿದ್ದು ನಮ್ಮ ಗಂಟೆಯೋ, ಹೊರಗಿನ ಟೆಂಪೋ ಹಾರ್ನೋ ಅನ್ನುವುದೇ ತಿಳಿಯುತ್ತಿರಲಿಲ್ಲ.

ಹಣ ಕೊಡುವ ಖಾಸಗಿ ಫೌಂಡೇಶನ್‌ಗಳನ್ನು ಹುಡುಕಲು ಕೂತೆವು. ಬೆನ್ ಕನ್ನಡಕ ಏರಿಸಿ ನಿಯಮ ಓದುತ್ತಿದ್ದರು, ನಾನು ಕಂಪ್ಯೂಟರಿನಲ್ಲಿ ಅರ್ಜಿ ತುಂಬುತ್ತಿದ್ದೆ. ಕೆಲವರು ತಾವಾಗಿ ಕರೆದವರಿಂದ ಮಾತ್ರ ಅರ್ಜಿ ತೆಗೆದುಕೊಳ್ಳುತ್ತಿದ್ದರು. ಆ ಕರೆ ಹೇಗೆ ಬರುತ್ತದೆಂದು ಎಲ್ಲೂ ಬರೆದಿರಲಿಲ್ಲ. ಕೆಲವರು ನಮ್ಮದಕ್ಕಿಂತ ದೊಡ್ಡ ಸಂಸ್ಥೆಗಳಿಗಷ್ಟೇ ಕೊಡುವವರು. ಎಷ್ಟೋ ಅರ್ಜಿಗಳಿಗೆ ಉತ್ತರವೇ ಬರಲಿಲ್ಲ. ಯಾರಿಗೆ ಕೊಡಬೇಕೆಂದು ಮೊದಲೇ ಗೊತ್ತುಮಾಡಿಕೊಂಡು, ತೋರಿಕೆಗೆ ಅರ್ಜಿ ಕರೆಯುತ್ತಾರೇನೋ ಎಂಬ ಅನುಮಾನ ನನಗೆ ಆಗಲೇ ಹುಟ್ಟಿತ್ತು. "ನಿನಗೆ ಹಾಲಿನವನ ಮೇಲೂ ಅನುಮಾನವೇ" ಎಂದು ಗಂಡ ನಗುತ್ತಿದ್ದ.

ಆಗ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಯಾರೋ ಒಬ್ಬ ಮಧ್ಯವರ್ತಿಯ ನಂಬರ್ ಕೊಟ್ಟರು. ಅಹಮದಾಬಾದಿನ ಚಾಂದ್‌ಖೇಡಾದಲ್ಲಿ ಇದ್ದಾರೆ, ಧಾರವಾಡದ ಕಡೆಯವರು, ಸಂಸ್ಥೆಗಳಿಗೆ ಫೌಂಡೇಶನ್ ಹುಡುಕಿಕೊಡುವುದೇ ಅವರ ಕೆಲಸ ಎಂದರು. ನಾನೂ ಬೆನ್ನೂ ಬಸ್ಸಿನಲ್ಲಿ ಹೋದೆವು. ಅಪಾರ್ಟ್‌ಮೆಂಟಿನ ಒಂದು ಕೋಣೆಯೇ ಅವರ ಆಫೀಸು. ಗೋಡೆಯ ತುಂಬ ದೊಡ್ಡವರ ಜೊತೆ ನಿಂತ ಫೋಟೊಗಳು. ಎಲ್ಲದರಲ್ಲೂ ಅವರು ತೀರಾ ಅಂಚಿನಲ್ಲಿದ್ದರು.

"ಬರ್ರಿ ಅಕ್ಕಾರ, ಬರ್ರಿ. ಈ ಊರಾಗ ಕನ್ನಡ ಕಿವಿಗೆ ಬೀಳೂದ ಅಪರೂಪ ನೋಡ್ರಿ" ಎಂದರು. ನಾನು ಹಾವೇರಿಯವಳು. ಎಷ್ಟೋ ವರ್ಷಗಳ ಮೇಲೆ ನಮ್ಮ ಕಡೆಯ ಮಾತು ಕೇಳಿ ಅರ್ಧ ಕರಗಿಹೋದೆ. ಮುಂಗಡ ಏನೂ ಬೇಡ, ಕೆಲಸ ಆದಮೇಲೆ ನೋಡೋಣ ಎಂದರು. ಟ್ರಸ್ಟಿನ ನೋಂದಣಿ ಪತ್ರ, ಆಡಿಟ್ ವರದಿ, ಮಕ್ಕಳ ಫೋಟೊ ಕೇಳಿದರು. ಪೆನ್‌ಡ್ರೈವಿನಲ್ಲಿ ಎಲ್ಲವನ್ನೂ ಒಯ್ದಿದ್ದೆ, ಅಲ್ಲೇ ಕೊಟ್ಟೆ. ಕೊನೆಗೆ ಅವರು, "ಒಂದ್ ಹತ್ತು ಖಾಲಿ ಲೆಟರ್‌ಹೆಡ್ ಮ್ಯಾಲ ಸಹಿ ಮಾಡಿ ಕೊಟ್ಟುಬಿಡ್ರಿ. ನೀವು ಪದೇ ಪದೇ ವಡೋದರಾದಿಂದ ಬರೂದು ತಪ್ಪತದ" ಎಂದರು.

"ಖಾಲಿ ಹಾಳೆಗೆ ಸಹಿ ಮಾಡೂದಿಲ್ರಿ" ಎಂದೆ.

"ನಾವ್ ನಾವ ಹಿಂಗ ಸಂಶಯ ಪಟ್ರ ಹೆಂಗ್ರಿ ಅಕ್ಕಾರ?"

ನಾನು ಮುಖ ಬಿಗಿದುಕೊಂಡು ಎದ್ದುಬಂದೆ. ವಾಪಸು ಬರುವಾಗ ಬಸ್ಸಿನಲ್ಲಿ ಬೆನ್, "ನಿನ್ನ ಕಡೆಯವನೇ ಅಲ್ಲವೇ, ಅಷ್ಟು ಮುಖ ಸಿಂಡರಿಸಬೇಕಿತ್ತೇ?" ಎಂದರು. ಹದಿನೈದು ದಿನಕ್ಕೆ ಆ ಮನುಷ್ಯನ ಮೆಸೇಜ್ ಬಂತು. ಯಾವ ಫೌಂಡೇಶನ್ನೂ ಒಪ್ಪಲಿಲ್ಲವಂತೆ. ಸಹಿ ಕೊಡದೆ ಬಚಾವಾದೆ ಎಂದುಕೊಂಡೆ. ನನ್ನ ಜಾಣತನದ ಬಗ್ಗೆ ಸ್ವಲ್ಪ ಹೆಮ್ಮೆಯೂ ಆಯಿತು. ಪೆನ್‌ಡ್ರೈವಿನಲ್ಲಿದ್ದ ಫೋಟೊಗಳು ನೆನಪಿಗೇ ಬರಲಿಲ್ಲ.

ಮುಂದಿನ ವರ್ಷ ನಾವೇ ನೇರವಾಗಿ ಹಾಕಿದ್ದ ಅರ್ಜಿಗೆ ಸೂರತ್‌ನಿಂದ ಕರೆ ಬಂತು. ವಜ್ರದ ವ್ಯಾಪಾರದ ಕುಟುಂಬವೊಂದು ನಡೆಸುವ ಫೌಂಡೇಶನ್ ಅದು. ಬೆನ್‌ಗೆ ಮೊಣಕಾಲು ನೋವು, ನಾನೊಬ್ಬಳೇ ರೈಲು ಹತ್ತಿದೆ. ಎದುರು ಕೂತದ್ದು ಅರ್ಜಿಗಳನ್ನು ನೋಡುವ ಅಧಿಕಾರಿ, ಮೂವತ್ತು ದಾಟದ ಹೆಂಗಸು. ಕೋಣೆಯ ಅಳತೆ, ಯಂತ್ರ, ಯಾರು ಪರೀಕ್ಷೆ ಮಾಡುತ್ತಾರೆ ಎಂದೆಲ್ಲ ಚೆನ್ನಾಗಿಯೇ ಕೇಳಿದಳು. ಆಮೇಲೆ ಫೋಟೊಗಳ ಪುಟ ತಿರುಗಿಸಿದಳು. ಎದ್ದು ಹೋಗಿ ಕಪಾಟಿನಿಂದ ಇನ್ನೊಂದು ಫೈಲು ತಂದಳು. ಅದನ್ನು ನನಗೆ ಕೊಡಲಿಲ್ಲ, ತನ್ನ ಕಡೆಗೇ ತೆರೆದಿಟ್ಟುಕೊಂಡು ಎರಡನ್ನೂ ಹೋಲಿಸಿದಳು.

"ಈ ಮಕ್ಕಳು ನಿಮ್ಮ ಕೇಂದ್ರದವರೇ?"

"ಹೌದು."

"ಇದೇ ಮಕ್ಕಳು ಅಹಮದಾಬಾದಿನ ಇನ್ನೊಂದು ಸಂಸ್ಥೆಯಲ್ಲೂ ಇದ್ದಾರೆ."

ಫೈಲನ್ನು ನನ್ನ ಕಡೆ ತಿರುಗಿಸಿದಳು. ನಮ್ಮ ಕೋಣೆ, ನಮ್ಮ ನೀಲಿ ಚಾಪೆ, ನಮ್ಮ ಮಕ್ಕಳು. ಒಂದು ಫೋಟೊದ ಅಂಚಿನಲ್ಲಿ ನನ್ನ ಕೈ ಕೂಡ ಇತ್ತು. ಆ ಸಂಸ್ಥೆಯ ಹೆಸರನ್ನೇ ನಾನು ಕೇಳಿರಲಿಲ್ಲ. ಚಾಂದ್‌ಖೇಡಾದ ಕಥೆಯನ್ನೆಲ್ಲ ಹೇಳಿದೆ. ಅವಳು ಬರೆದುಕೊಂಡಳು, ತಲೆಯಾಡಿಸಲಿಲ್ಲ. ನಾನು ಇಷ್ಟು ದಿನ ಎಲ್ಲರನ್ನೂ ನೋಡುತ್ತಿದ್ದ ಹಾಗೆಯೇ ಅವಳು ನನ್ನನ್ನು ನೋಡುತ್ತಿದ್ದಳು.

"ನಾನೇ ಬಂದು ನೋಡುತ್ತೇನೆ. ಯಾವ ದಿನವೆಂದು ಹೇಳುವುದಿಲ್ಲ" ಎಂದಳು.

ರೈಲಿನಲ್ಲೇ ಆ ಮನುಷ್ಯನಿಗೆ ಫೋನ್ ಮಾಡಿದೆ. "ಸ್ಯಾಂಪಲ್ ಅಂತ ಒಂದೆರಡು ಕಡೆ ತೋರ್ಸಿರಬಹುದು ಅಕ್ಕಾರ. ಈ ಲೈನಿನ್ಯಾಗ ಎಲ್ಲಾರೂ ಮಾಡ್ತಾರ. ನಿಮಗೇನು ಲುಕ್ಸಾನ ಆತು ಹೇಳ್ರಿ?" ಎಂದರು. ನಾನು ದನಿ ಏರಿಸಿದ ಕೂಡಲೇ ಫೋನ್ ಇಟ್ಟರು. ಮರುದಿನದಿಂದ ಆ ನಂಬರ್ ಹತ್ತಲೇ ಇಲ್ಲ.

ಹನ್ನೊಂದು ದಿನದ ಮೇಲೆ, ಬೆಳಗಿನ ಪಾಠ ನಡೆಯುವಾಗ, ಸೂರತ್‌ನ ಅಧಿಕಾರಿ ಬಾಗಿಲಲ್ಲಿ ನಿಂತಿದ್ದಳು. ಮಕ್ಕಳ ಜೊತೆ ಚಾಪೆಯ ಮೇಲೇ ಕೂತಳು. ಹಾಜರಿ ಪುಸ್ತಕ ನೋಡಿದಳು. ಆಮೇಲೆ ಅಹಮದಾಬಾದಿನ ಸಂಸ್ಥೆಯ ಫೈಲಿನ ಫೋಟೊಗಳನ್ನು ಒಂದೊಂದಾಗಿ ನೆಲದ ಮೇಲಿಟ್ಟಳು. ಮಕ್ಕಳು ಮುಗಿಬಿದ್ದು ತಮ್ಮ ತಮ್ಮ ಮುಖ ಹುಡುಕಿ, ಎದೆ ತಟ್ಟಿಕೊಂಡು ಕೇಕೆ ಹಾಕಿದವು. ಆರು ವರ್ಷದ ಹುಡುಗಿಯೊಬ್ಬಳು ತನ್ನ ಫೋಟೊ ಎತ್ತಿಕೊಂಡು ಬೆಂಚಿನ ಮೇಲೆ ಕಾಯುತ್ತಿದ್ದ ತಾಯಿಗೆ ತೋರಿಸಲು ಓಡಿದಳು. ಅಧಿಕಾರಿಯ ಮುಖ ಮೊದಲ ಸಲ ಸಡಿಲವಾಯಿತು. ಅವಳಿಗೆ ಬೇಕಾದ ಪುರಾವೆ ಸಿಕ್ಕಿತ್ತು. ಗೆದ್ದೆವು ಎಂಬಂತೆ ನಾನು ಬೆನ್ ಕಡೆ ನೋಡಿದೆ.

ತಾಯಿ ಫೋಟೊ ನೋಡಿ ಮೊದಲು ನಕ್ಕಳು. ಅದರ ಕೆಳಗೆ ಗುಜರಾತಿಯಲ್ಲಿ ಎರಡು ಸಾಲು ಅಚ್ಚಾಗಿದ್ದವು. ಅಕ್ಷರಗಳ ಮೇಲೆ ಬೆರಳಿಟ್ಟು ಓದತೊಡಗಿದಳು. ಹುಡುಗಿಗೆ ಬೇರೆ ಯಾವುದೋ ಹೆಸರು ಕೊಟ್ಟಿದ್ದರು. ಅದರ ಮುಂದೆ, ತಂದೆತಾಯಿ ಇಲ್ಲದ ಅನಾಥೆ ಎಂದಿತ್ತು.

"ಟೀಚರ್, ಇದರಲ್ಲಿ ನಾನು ಸತ್ತಿದ್ದೇನೆಯೇ?" ಎಂದಳು ತಾಯಿ.

ಬೆನ್ ಹತ್ತಿರ ಹೋಗಿ, ಇದು ಮೋಸಗಾರರ ಕೆಲಸ, ನಾವು ಬರೆದದ್ದಲ್ಲ ಎಂದು ವಿವರಿಸಿದರು. ಅವಳು ಎಲ್ಲವನ್ನೂ ಕೇಳಿ, ನನ್ನ ಕಡೆಗೇ ತಿರುಗಿದಳು.

"ಅವರ ಕೈಗೆ ಫೋಟೊ ಕೊಟ್ಟವರು ಯಾರು?"

"ನಾನು ಕೊಟ್ಟೆ" ಎಂದೆ.

"ನನ್ನನ್ನು ಕೇಳಿದ್ದಿರಾ?"

"ಇಲ್ಲ."

ಅವಳು ಬೈಯಲಿಲ್ಲ. ಫೋಟೊ ಮಡಚಿ ಚೀಲಕ್ಕೆ ಹಾಕಿಕೊಂಡು, ಮಗಳ ಕೈ ಹಿಡಿದು ಹೊರಟುಹೋದಳು. ಮರುದಿನ ಬರಲಿಲ್ಲ, ಅದರ ಮರುದಿನವೂ ಇಲ್ಲ. ಸುದ್ದಿ ಹರಡಿ ಇನ್ನೂ ಇಬ್ಬರು ತಾಯಂದಿರು ಮಕ್ಕಳನ್ನು ಕಳಿಸಲಿಲ್ಲ. ಫೋಟೊ ಮಾರಿ ನಾವೂ ಏನೋ ತಿಂದಿದ್ದೇವೆ ಎಂದು ಓಣಿಯಲ್ಲಿ ಮಾತಾಯಿತಂತೆ. ಅವರು ಹಾಗೆ ಅನುಮಾನಿಸಿದ್ದರಲ್ಲಿ ನನಗೆ ತಪ್ಪೇನೂ ಕಾಣಲಿಲ್ಲ. ಅವರ ಜಾಗದಲ್ಲಿದ್ದರೆ ನಾನು ಇನ್ನೂ ಜೋರಾಗಿ ಹೇಳುತ್ತಿದ್ದೆ.

ಒಂದೊಂದೇ ಮನೆಗೆ ಹೋಗತೊಡಗಿದೆ. ಕೆಲವರು ಚಹಾ ಕೊಟ್ಟು, ಹೋಗಲಿ ಬಿಡಿ ಎಂದರು. ಕೆಲವರು ಬಾಗಿಲಲ್ಲೇ ನಿಲ್ಲಿಸಿ ಕೇಳಿಸಿಕೊಂಡರು, ಆದರೂ ಮಕ್ಕಳನ್ನು ಮತ್ತೆ ಕಳಿಸಿದರು. ಆ ಹುಡುಗಿಯ ಮನೆಗೆ ಕೊನೆಗೆ ಹೋದೆ, ಧೈರ್ಯ ಸಾಲದೆ. ತಂದೆ ಕಾರ್ಖಾನೆಗೆ ಹೋಗಿದ್ದ. ತಾಯಿ ಮೇಥಿ ಸೊಪ್ಪು ಬಿಡಿಸುತ್ತಿದ್ದಳು. ನಾನೂ ನೆಲದ ಮೇಲೆ ಕೂತು ಒಂದು ಕಟ್ಟು ಎಳೆದುಕೊಂಡೆ.

"ಇವಳು ಹುಟ್ಟಿದಾಗ ಅತ್ತೆ ಇವಳನ್ನು ಎಲ್ಲಾದರೂ ಬಿಟ್ಟುಬಾ ಅಂದಿದ್ದರು. ನಾನು ಬಿಡಲಿಲ್ಲ" ಎಂದಳು ತಲೆ ಎತ್ತದೆ. "ಯಾರೋ ಕಾಗದದ ಮೇಲೆ ನನ್ನಿಂದ ಅವಳನ್ನು ಬಿಡಿಸಿಬಿಟ್ಟರು."

ತಪ್ಪಾಯಿತು ಎಂದೆ. ಅವಳು ಸೊಪ್ಪು ಬಿಡಿಸುತ್ತಲೇ ಇದ್ದಳು. ನಾನು ಏಳುವಾಗ, "ಇನ್ನು ಮೇಲೆ ಅವಳ ಫೋಟೊ ಯಾರೂ ತೆಗೆಯಬಾರದು. ನೀವು ಕೂಡ" ಎಂದಳು. ಒಪ್ಪಿದೆ. ಸೋಮವಾರ ಹುಡುಗಿ ಚಾಪೆಯ ಮೇಲಿದ್ದಳು.

ಅಹಮದಾಬಾದಿನ ಸಂಸ್ಥೆಯ ಅರ್ಜಿಯನ್ನು ಸೂರತ್‌ನವರು ತಳ್ಳಿಹಾಕಿದರು. ಪೊಲೀಸರಿಗೆ ನಾವು ಕೊಟ್ಟ ದೂರು ಏನಾಯಿತೋ ಇವತ್ತಿಗೂ ತಿಳಿಯದು. ಎರಡು ಸಲ ವಿಚಾರಿಸಿದಾಗಲೂ ಪರಿಶೀಲನೆಯಲ್ಲಿದೆ ಎಂದರು. ನಮ್ಮ ಅರ್ಜಿ ಮಂಜೂರಾಯಿತು. ಆ ಪತ್ರವನ್ನು ನಾನು ಮೂರು ಸಲ ಓದಿದೆ. ಎಲ್ಲೋ ಒಂದು ಷರತ್ತು ಅಡಗಿರಬೇಕು ಎಂದು ಹುಡುಕಿದೆ, ಸಿಗಲಿಲ್ಲ. ಬೆನ್ ಮಾತ್ರ ದೇವರ ಮುಂದಿಟ್ಟ ಬೆಲ್ಲದ ಚೂರನ್ನು ನನ್ನ ಬಾಯಿಗೆ ಹಾಕಿ ಸುಮ್ಮನಾಗಿಸಿದರು.

ಕಿವಿ ಪರೀಕ್ಷೆಯ ಕೋಣೆ ಕಟ್ಟಿ ಮುಗಿದ ಮೇಲೆ ಫೌಂಡೇಶನ್‌ಗೆ ವರದಿ ಕಳಿಸಬೇಕಿತ್ತು, ಫಲಾನುಭವಿಗಳ ಫೋಟೊ ಸಮೇತ. ತಾಯಂದಿರನ್ನೆಲ್ಲ ಕೂರಿಸಿ ಕೇಳಿದೆವು. ಐದು ಜನ ಒಪ್ಪಿದರು, ಉಳಿದವರು ಬೇಡವೆಂದರು. ಒಪ್ಪಿದವರೂ ಯಾವ ಫೋಟೊ ಹೋಗುತ್ತದೆ, ಅದರ ಕೆಳಗೆ ಏನು ಬರೆಯುತ್ತೀರಿ ಎಂದು ಓದಿಸಿ ಕೇಳಿಕೊಂಡರು. ಅಷ್ಟನ್ನೇ ಕಳಿಸಿದೆ. ಸೂರತ್‌ನ ಅಧಿಕಾರಿ ಫೋನ್ ಮಾಡಿದಳು. "ಹದಿನಾಲ್ಕು ಮಕ್ಕಳೆಂದು ಬರೆದಿದ್ದೀರಿ, ಫೋಟೊದಲ್ಲಿ ಐದೇ ಇವೆಯಲ್ಲ?"

"ಉಳಿದವರ ತಾಯಂದಿರು ಒಪ್ಪಲಿಲ್ಲ. ನೀವೇ ಬಂದು ಎಣಿಸಿ ನೋಡಿ" ಎಂದೆ.

ಅವಳು ಬರುತ್ತೇನೆ ಎಂದಳು. ಈ ಸಲವೂ ಯಾವ ದಿನವೆಂದು ಹೇಳಲಿಲ್ಲ.