ಶಾಂತಕ್ಕನ ಜೋಗುಳದ ಕೊನೆಯ ಪದ

ಕಳೆದ ವರ್ಷ, ನಿವೃತ್ತಿಗೆ ಎಂಟು ತಿಂಗಳಿದ್ದಾಗ, ನಾನು ದಕ್ಷಿಣ ಕೋಲ್ಕತ್ತಾದ ಆಸ್ಪತ್ರೆಯೊಂದರಲ್ಲಿ ಸ್ಪೀಚ್ ಥೆರಪಿಸ್ಟ್ ಆಗಿದ್ದೆ. ಮೂವತ್ತು ವರ್ಷದ ಸರ್ವಿಸಿನಲ್ಲಿ ಕನ್ನಡದಲ್ಲೇ ಚಿಕಿತ್ಸೆ ಕೊಡುವ ಯೋಗ ಬಂದದ್ದು ಅದೊಂದೇ ಸಲ. ಧಾರವಾಡ ಕಡೆಯ ಶಾಂತಕ್ಕನಿಗೆ ಅರವತ್ತೆಂಟು ವರ್ಷ. ಲೇಕ್ ಮಾರ್ಕೆಟ್ ಬಳಿ ಮನೆ. ಸ್ಟ್ರೋಕ್ ಆಗಿ ಅಫೇಸಿಯಾ ಬಂದಿತ್ತು. ಅಂದರೆ ಕೇಳಿದ್ದೆಲ್ಲ ಅರ್ಥವಾಗುತ್ತದೆ, ಹೇಳಬೇಕಾದದ್ದೂ ಗೊತ್ತಿರುತ್ತದೆ, ಪದ ಮಾತ್ರ ಬಾಯಿಗೆ ಬರುವುದಿಲ್ಲ.

ಅವರ ಪತಿ, ರೈಲ್ವೆಯಿಂದ ನಿವೃತ್ತರಾದ ವೆಂಕಟರಾಯರು, ಮೊದಲ ದಿನವೇ ವಿಷಯ ಹೇಳಿದರು. ಅವರ ಮನೆಯಲ್ಲಿ ಮಗುವನ್ನು ತೊಟ್ಟಿಲಿಗೆ ಹಾಕುವ ದಿನ ಅಜ್ಜಿಯೇ ಹೊಸ ಜೋಗುಳ ಕಟ್ಟಿ, ಮಗುವಿನ ಹೆಸರಿಗೆ ಪ್ರಾಸ ಕೂಡಿಸಿ ಹಾಡಬೇಕು. ಐದು ಮೊಮ್ಮಕ್ಕಳಿಗೆ ಶಾಂತಕ್ಕ ಹಾಡಿದ್ದರು. ಆರನೆಯದಕ್ಕೆ ಬಂಗಾಳಿ ಸೊಸೆ ಇಟ್ಟ ಮುದ್ದಿನ ಹೆಸರು ಮಿಷ್ಟು. ತೊಟ್ಟಿಲಿಗೆ ಮೂರೇ ವಾರ ಉಳಿದಿತ್ತು.

“ಈ ಹಾಡು ಆಗಲಿಲ್ಲಂದ್ರ ಆಕಿ ಮತ್ತ ಬಾಯಿ ತಗಿಯೂದಿಲ್ರಿ,” ಎಂದರು ರಾಯರು.

ನನ್ನದು ಮೊದಲಿನಿಂದಲೂ ಗಡಿಬಿಡಿ ಸ್ವಭಾವ. ಪದಕ್ಕಾಗಿ ತಡಕಾಡುವವರಿಗೆ ಹತ್ತು ಎಣಿಸುವಷ್ಟು ಹೊತ್ತು ಕೊಡಬೇಕು, ಸುಳಿವು ಆಮೇಲೆ ಎಂದು ಜೂನಿಯರ್‌ಗಳಿಗೆ ಪಾಠ ಹೇಳುವವಳು ನಾನೇ. ಅದನ್ನು ಗಾಳಿಗೆ ತೂರಿ ಪ್ರಾಸಪದಗಳ ಪಟ್ಟಿ ಮಾಡಿಕೊಂಡು ಹೋದೆ: ಎಷ್ಟು, ಇಷ್ಟು, ಅಷ್ಟು, ಒಂದಿಷ್ಟು, ಬೇಕಾದಷ್ಟು. ಬೆರಳಿಟ್ಟು ತೋರಿಸಿದರೆ ಸಾಕು, ಹಾಡು ನಾನು ಜೋಡಿಸಿಕೊಡುತ್ತೇನೆ ಎಂದೆ. ಶಾಂತಕ್ಕ ಹಾಳೆಯನ್ನು ನನ್ನ ಕಡೆಗೇ ತಳ್ಳಿದರು. ಕಣ್ಣು ತುಂಬಿತ್ತು.

“ಹಾಡು... ನಂದು,” ಎಂದರು.

ನಾಚಿಕೆಯಾಯಿತು. ಅಂದಿನಿಂದ ಬಾಯಿಗೆ ಬೀಗ ಹಾಕಿಕೊಂಡೆ. ಮಾತಿಗೆ ಸಿಗದ ಪದ ಕೆಲವರಿಗೆ ರಾಗದಲ್ಲಿ ಸಿಗುವುದುಂಟು. ಶಾಂತಕ್ಕ ತೊಡೆಯ ಮೇಲೆ ತಾಳ ಹಾಕಿ ಗುನುಗುವರು, ನಾನು ಕಾಯುವೆ. ರಾಯರಿಗೆ ಕಾಯುವುದು ಇನ್ನೂ ಕಷ್ಟ. ಹೆಂಡತಿ ತಡವರಿಸಿದಲ್ಲೆಲ್ಲ ಪಾಪ, ಪ್ರೀತಿಯಿಂದಲೇ ಪದ ಎತ್ತಿಕೊಡುತ್ತಿದ್ದರು. ಮೂರು ವಾರಕ್ಕೆ ಎರಡು ಸಾಲು ಪೂರ್ತಿಯಾದವು. ಮೂರನೆಯದು ಕೊನೆಯ ಪದಕ್ಕೆ ಬಂದು ನಿಲ್ಲುತ್ತಿತ್ತು.

ತೊಟ್ಟಿಲ ದಿನ ನನ್ನನ್ನೂ ಕರೆದಿದ್ದರು. ತಟ್ಟೆಯಲ್ಲಿ ಚಕ್ಕುಲಿಯ ಪಕ್ಕ ಬಂಗಾಳಿ ಸಿಹಿ ಸಂದೇಶ್ ಇತ್ತು. ಶಾಂತಕ್ಕ ಹಗ್ಗ ಹಿಡಿದು ತೂಗುತ್ತ ಶುರುಮಾಡಿದರು:

ತೊಟ್ಟಿಲ ತುಂಬ ಹೂವು ಎಷ್ಟು,
ನಕ್ಕರ ಬೆಳಕು ನಮ್ಮ ಮಿಷ್ಟು,
ಅಜ್ಜಿಗೆ ಉಳಿದ ಮಾತು...

ಅಲ್ಲಿಗೆ ನಿಂತಿತು. ರಾಯರ ತುಟಿ ಅಲುಗಿತು. ನಾನು ಅವರ ಕೈ ಒತ್ತಿ ಹಿಡಿದೆ. ಹತ್ತು ಎಣಿಸಿದೆ. ಇಪ್ಪತ್ತೂ ಆಯಿತು. ಸೊಸೆ ಅತ್ತೆಯನ್ನೇ ನೋಡುತ್ತಿದ್ದಳು.

“...ಇಷ್ಟು,” ಎಂದರು ಶಾಂತಕ್ಕ.

ಆಮೇಲೆ ಬಗ್ಗಿ ಮಗುವಿನ ಕೆನ್ನೆ ಮುಟ್ಟಿ, ನಾವ್ಯಾರೂ ಅದುವರೆಗೆ ಕೇಳಿರದ ನಾಲ್ಕನೆಯ ಸಾಲು ಹಾಡಿದರು:

ಅಷ್ಟೂ ನಿನಗ, ಮಿಷ್ಟು.

ರಾಯರು ಅತ್ತುಬಿಟ್ಟರು. ನಾನೂ ಅತ್ತೆ.

ಇಷ್ಟು, ಅಷ್ಟು, ಆ ಎರಡೂ ಪದ ನನ್ನ ಪಟ್ಟಿಯಲ್ಲಿದ್ದವು. ಆದರೆ ಅಲ್ಲಿ ಅವು ಬರೀ ಪ್ರಾಸ. ಅವನ್ನು ಹೀಗೆ ಹೇಳಲು ಶಾಂತಕ್ಕನೇ ಬೇಕಿತ್ತು, ಅವರು ಹೇಳುವವರೆಗೆ ನಾನು ಸುಮ್ಮನಿರಬೇಕಿತ್ತು. ಜೂನಿಯರ್‌ಗಳಿಗೆ ಅಷ್ಟು ವರ್ಷ ಹೇಳಿಕೊಟ್ಟ ಆ ಮೊದಲ ಪಾಠವನ್ನು ನಾನು ಕಲಿತದ್ದು ನಿವೃತ್ತಿಗೆ ಏಳು ತಿಂಗಳಿದ್ದಾಗ.